ಹದಿನಾರು ವರ್ಷದ ಮಾನಿಟರ್: ಕೆಟ್ಟಿದ್ದು ಆಂಪ್ಲಿಫಯರೋ, ಅದರ ಅಕ್ಕಪಕ್ಕವೋ?

ಫೋನು ಮಾಡಿದವರು ಮಿಕ್ಸಿಂಗ್ ಎಂಜಿನಿಯರ್. ಹದಿನಾರು ವರ್ಷದಿಂದ ಒಂದೇ ಜೋಡಿ ಪವರ್ಡ್ ಮಾನಿಟರ್ (ಆಂಪ್ಲಿಫಯರ್ ಒಳಗೇ ಇರುವ ಸ್ಟುಡಿಯೋ ಸ್ಪೀಕರ್) ಇಟ್ಟುಕೊಂಡು ಕೆಲಸ ಮಾಡಿದವರು. “ಸರ್, ಎಡಗಡೆಯದು ಯಾಕೋ ಸೊರಗಿದೆ. ಬೇಸ್ ಹಿಡಿತಕ್ಕೆ ಸಿಗ್ತಿಲ್ಲ. ಬೆಳಿಗ್ಗೆ ಆನ್ ಮಾಡಿದ ತಕ್ಷಣ ಗುಂಯ್ ಅನ್ನುತ್ತೆ, ಇಪ್ಪತ್ತು ನಿಮಿಷ ಬಿಟ್ಟರೆ ಸುಮ್ಮನಾಗುತ್ತೆ. ಹಳೇ ಡಿಸೈನು, ಆಂಪ್ಲಿಫಯರ್ ಮುದಿಯಾಗಿದೆ ಅಂತ ಎಲ್ಲರೂ ಹೇಳ್ತಿದಾರೆ. ಮಾರಿಬಿಡ್ಲಾ?”

ಒಂದೇ ಉಸಿರಿನಲ್ಲಿ ಎರಡು ದೂರು ಹೇಳಿದ್ದರು. ಡಿಸೈನು ಹಳೆಯದು ಅನ್ನುವುದು ಒಂದು. ಒಳಗಿನ ಸಾಮಾನು ಮುದಿಯಾಗಿದೆ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಮದ್ದಿಲ್ಲ, ಬದಲಾಯಿಸಬೇಕು ಅಷ್ಟೆ. ಎರಡನೆಯದಕ್ಕೆ ಸೋಲ್ಡರಿಂಗ್ ಐರನ್ ಮತ್ತು ಒಂದು ಸಂಜೆ ಸಾಕು. ಇವೆರಡನ್ನೂ ಬಿಡಿಸಿ ನೋಡದೆ ಮಾರಬೇಡಿ, ಮೊದಲು ತಂದುಕೊಡಿ ಅಂದೆ. ಎರಡನ್ನೂ ಪೂರ್ತಿ ಬಿಡಿಸುವುದಕ್ಕೆ ಬರುವುದಿಲ್ಲ ಅಂತ ನನಗೆ ಗೊತ್ತಾಗಿದ್ದು ಪೆಟ್ಟಿಗೆ ಬಿಚ್ಚಿದ ಮೇಲೆ.

ಸ್ಪೀಕರ್ ಹೇಗಿತ್ತು ಅಂದರೆ: ಬೇಸ್‌ಗೆ 8 ಇಂಚಿನ ವೂಫರ್, ಮೇಲಿನ ದನಿಗೆ 1 ಇಂಚಿನ ಬಟ್ಟೆಯ ಗುಮ್ಮಟದ ಟ್ವೀಟರ್, ಮುಂದೆ ಬೇಸ್ ಪೋರ್ಟ್. ಹಿಂದಿನ ಲೋಹದ ತಟ್ಟೆಯೇ ಹೀಟ್‌ಸಿಂಕ್. ಆ ತಟ್ಟೆಗೆ ಟೊರಾಯ್ಡ್ ಟ್ರಾನ್ಸ್‌ಫಾರ್ಮರ್, ಧನ-ಋಣ 30 ವೋಲ್ಟ್‌ಗಳ ಸಾದಾ ಲೀನಿಯರ್ ಸಪ್ಲೈ, ಎರಡು ಎಲ್‌ಎಂ3886 ಆಂಪ್ಲಿಫಯರ್ ಚಿಪ್‌ಗಳು. ವೂಫರ್‌ಗೊಂದು, ಟ್ವೀಟರ್‌ಗೊಂದು. ಬಂದ ಸಿಗ್ನಲ್ ಮೊದಲು ಆಪ್‌ಆಂಪ್‌ಗಳ (ಸಣ್ಣ ಸಿಗ್ನಲ್‌ನ ಆಂಪ್ಲಿಫಯರ್ ಚಿಪ್‌ಗಳ) ಕ್ರಾಸ್‌ಓವರ್‌ನಲ್ಲಿ ಬೇಸ್, ಮೇಲಿನ ದನಿ ಅಂತ ಎರಡಾಗುತ್ತದೆ, ಆಮೇಲೆ ತನ್ನ ತನ್ನ ಆಂಪ್ಲಿಫಯರ್‌ಗೆ ಹೋಗುತ್ತದೆ. ಸೀಗ್‌ಫ್ರೀಡ್ ಲಿಂಕ್ವಿಟ್ಜ್ 1976ರಲ್ಲಿ ಬರೆದ ಪ್ರಬಂಧದಿಂದ ಹೊರಟು, ಆಮೇಲೆ ಲಿಂಕ್ವಿಟ್ಜ್-ರೈಲಿ ಎಂದು ಹೆಸರಾದ, ಆಕ್ಟೇವ್‌ಗೆ 24 ಡೆಸಿಬೆಲ್ ಇಳಿಯುವ ಫಿಲ್ಟರ್ ಇದರಲ್ಲಿತ್ತು. ಹಳೆಯದು, ನಿಜ. ಆದರೆ ಇಂದಿನ ಡಿಎಸ್‌ಪಿ (ಡಿಜಿಟಲ್ ಸಿಗ್ನಲ್ ಪ್ರೊಸೆಸಿಂಗ್) ಮಾನಿಟರ್‌ಗಳ ಒಳಗೂ ಎಷ್ಟೋ ಕಡೆ ಅದೇ ಲೆಕ್ಕ ಓಡುತ್ತಿರುತ್ತದೆ.

ಆಂಪ್ಲಿಫಯರ್ ಪೆಟ್ಟಿಗೆಯೊಳಗೇ ಇರುವುದರ ಲಾಭ ಎಲ್ಲರಿಗೂ ಗೊತ್ತು, ನಷ್ಟದ ಮಾತು ಯಾರೂ ಎತ್ತುವುದಿಲ್ಲ. 1978ರಲ್ಲಿ ಎರಡು ಸ್ಪೀಕರ್‌ಗಳು ಬಂದವು. ಒಂದು ಯಮಾಹಾದ ಎನ್‌ಎಸ್-10ಎಂ, ಆಂಪ್ಲಿಫಯರ್ ಇಲ್ಲದ್ದು. ಇನ್ನೊಂದು ಫಿನ್ಲೆಂಡಿನ ಜೆನೆಲೆಕ್ ಮಾಡಿದ ಎಸ್30, ಒಳಗೇ ಆಂಪ್ಲಿಫಯರ್ ಇದ್ದದ್ದು. ಮೊದಲನೆಯ ಜಾತಿಯಲ್ಲಿ ಆಂಪ್ಲಿಫಯರ್ ಹಳತಾದರೆ ಇನ್ನೊಂದು ತಂದು ಜೋಡಿಸಿದರಾಯಿತು, ಸ್ಪೀಕರ್‌ಗೆ ಅದರ ಸುದ್ದಿಯೇ ಬೇಡ. ಎರಡನೆಯ ಜಾತಿಯಲ್ಲಿ ಇಬ್ಬರದೂ ಒಂದೇ ಮನೆ. ವೂಫರ್ ಗುದ್ದುವ ನಡುಕ, ಮುಚ್ಚಿದ ಪೆಟ್ಟಿಗೆಯ ಕಾವು, ಎರಡನ್ನೂ ಬೋರ್ಡು ವರ್ಷಗಟ್ಟಲೆ ತಿನ್ನುತ್ತದೆ.

ಬಿಚ್ಚುವ ಮೊದಲು

ಸ್ಕ್ರೂಡ್ರೈವರ್ ಹಿಡಿಯುವ ಮುಂಚೆ ಎರಡು ಕೆಲಸ ಮಾಡಿಸಿದೆ. ಕೇಬಲ್ ಅದಲುಬದಲು ಮಾಡಿಸಿದೆ, ದೂರು ಎಡಗಡೆಯೇ ಉಳಿಯಿತು. ಸ್ಪೀಕರ್‌ಗಳ ಜಾಗ ಅದಲುಬದಲು ಮಾಡಿಸಿದೆ, ದೂರು ಸ್ಪೀಕರಿನ ಜೊತೆಗೇ ಬಲಕ್ಕೆ ಹೋಯಿತು. ಅಲ್ಲಿಗೆ ಕೋಣೆಯದ್ದೂ ಇಂಟರ್‌ಫೇಸಿನದ್ದೂ ತಪ್ಪಿಲ್ಲ. ಐದು ನಿಮಿಷದ ಈ ಪರೀಕ್ಷೆ ಮಾಡದೆ ಮಾನಿಟರ್ ಮಾರಿದವರನ್ನು ನಾನು ಕಂಡಿದ್ದೇನೆ.

ಆಮೇಲೆ ಅಳತೆಯ ಮೈಕ್ ಅರ್ಧ ಮೀಟರ್ ದೂರದಲ್ಲಿಟ್ಟು ಎರಡಕ್ಕೂ ಸ್ವೀಪ್ (ತಗ್ಗಿನಿಂದ ಮೇಲಕ್ಕೆ ಏರುವ ದನಿ) ಕೊಟ್ಟೆ. 300 ಹರ್ಟ್ಸ್‌ನಿಂದ ಮೇಲೆ ಎರಡೂ ಹೆಚ್ಚುಕಡಿಮೆ ಅವಳಿಗಳು. ಕೆಳಗೆ ಎಡಗಡೆಯದು ಜಾರುತ್ತಿತ್ತು. 100 ಹರ್ಟ್ಸ್‌ನಲ್ಲಿ ಬಲಗಡೆಯದಕ್ಕಿಂತ ಸುಮಾರು 2 ಡೆಸಿಬೆಲ್ ಕಡಿಮೆ, 60ರಲ್ಲಿ 4, 40ರಲ್ಲಿ 6. ಈ ಇಳಿಜಾರಿನ ಆಕಾರವನ್ನು ಗಮನಿಸಿ. ವೂಫರಿನ ಅಂಚು ಹರಿದರೆ, ಕಾಯಿಲ್ ಉಜ್ಜಿದರೆ, ಪೆಟ್ಟಿಗೆಯಲ್ಲಿ ಗಾಳಿ ಸೋರಿದರೆ ಗೆರೆ ಹೆಚ್ಚಾಗಿ ಗಲೀಜಾಗಿ ಏರಿಳಿಯುತ್ತದೆ. ಇಷ್ಟು ನುಣುಪಾಗಿ, ಗೆರೆ ಎಳೆದ ಹಾಗೆ ಇಳಿದರೆ ಅದರ ಹಿಂದೆ ಸಾಮಾನ್ಯವಾಗಿ ಒಂದು ಕೆಪಾಸಿಟರ್, ಒಂದು ರೆಸಿಸ್ಟರ್ ಇರುತ್ತವೆ.

ಗುಂಯ್ ಶಬ್ದವನ್ನೂ (ಹಮ್) ನೋಡಿದೆ. ಇನ್‌ಪುಟ್ ಕೇಬಲ್ ಕಿತ್ತರೂ ನಿಲ್ಲಲಿಲ್ಲ. ಅಲ್ಲಿನ ಮೈನ್ಸ್ 50 ಹರ್ಟ್ಸ್, ಹಮ್ ಮಾತ್ರ 100 ಹರ್ಟ್ಸ್. ಗ್ರೌಂಡ್ ಲೂಪ್ (ಕೇಬಲ್‌ಗಳ ಅರ್ತ್ ಸೇರಿ ಆಗುವ ಸುತ್ತು) ಆಗಿದ್ದರೆ 50 ಎದ್ದು ಕಾಣಬೇಕಿತ್ತು, ಕೇಬಲ್ ಕಿತ್ತಾಗ ಹೋಗಲೂಬೇಕಿತ್ತು. 100 ಅಂದರೆ ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ದಾಟಿದ ಮೇಲಿನದು, ಸಪ್ಲೈಯಿಂದ ಎಲ್ಲೋ ಒಳಗೆ ನುಸುಳುತ್ತಿದೆ. ಬಿಸಿಯಾದರೆ ಹೋಗುತ್ತದೆ ಅಂತ ಬೇರೆ ಹೇಳಿದ್ದರು. ಒಳಗಿನ ದ್ರವ ಒಣಗಿದ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ನ ಇಎಸ್‌ಆರ್ (ಅದರೊಳಗಿನ ತಡೆ) ತಣ್ಣಗಿದ್ದಾಗ ಹೆಚ್ಚು, ಬಿಸಿಯಾದರೆ ಕಡಿಮೆ. ಪಾಠದ ಪುಸ್ತಕದಲ್ಲಿ ಬರೆದ ಹಾಗೇ ಇದೆಯಲ್ಲ ಅಂತ ನಾನು ಮನಸ್ಸಿನಲ್ಲೇ ತೀರ್ಪು ಕೊಟ್ಟಾಗಿತ್ತು. ಆ ತೀರ್ಪು ತಪ್ಪು ಅಂತ ಮರುದಿನ ಗೊತ್ತಾಯಿತು.

ಒಳಗೆ ಕಂಡದ್ದು

ಪ್ಲಗ್ ಕಿತ್ತು, ದೊಡ್ಡ ಕೆಪಾಸಿಟರ್‌ಗಳ ಚಾರ್ಜನ್ನು ರೆಸಿಸ್ಟರ್ ಮೂಲಕ ಇಳಿಸಿ, ಮೀಟರ್ ಇಟ್ಟು ಸೊನ್ನೆ ನೋಡಿಕೊಂಡು ಕೈ ಹಾಕಿದೆ. ಹತ್ತು ಸ್ಕ್ರೂ ಬಿಚ್ಚಿದರೂ ತಟ್ಟೆ ಬರಲಿಲ್ಲ. ಗಾಳಿ ಸೋರದಂತೆ ಹಾಕಿದ್ದ ಫೋಮ್ ಪಟ್ಟಿ ಮರಕ್ಕೆ ಅಂಟಿ ರಟ್ಟಿನಂತಾಗಿತ್ತು. ಅದನ್ನು ಬದಲಾಯಿಸದೆ ವಾಪಸ್ ಮುಚ್ಚಿದರೆ ಅಲ್ಲಿಂದ ಗಾಳಿ ಪುಸ್ಸೆನ್ನುತ್ತದೆ, ಪೋರ್ಟಿನ ಟ್ಯೂನಿಂಗ್ ಕೆಡುತ್ತದೆ. ರಿಪೇರಿಯಾಗಿ ಬಂದ ಮೇಲೆ ಬೇಸ್ ಇನ್ನೂ ಕೆಟ್ಟಿತು ಅನ್ನುವ ದೂರುಗಳಲ್ಲಿ ಕೆಲವಕ್ಕೆ ಇದೇ ಕಾರಣ.

ಮೊದಲ ನೋಟಕ್ಕೆ ಎಲ್ಲರೂ ಬೈಯುವುದು ದೊಡ್ಡ ಕೆಪಾಸಿಟರ್‌ಗಳನ್ನು. ಇಲ್ಲಿ 4,700 ಮೈಕ್ರೋಫ್ಯಾರಡ್‌ನ ಎರಡಿದ್ದವು. ಒಂದು 4,250 ತೋರಿಸಿತು, ಇನ್ನೊಂದು 4,310. ಹದಿನಾರು ವರ್ಷಕ್ಕೆ ಏನೂ ಆಗಿಲ್ಲ ಅಂತಲೇ ಲೆಕ್ಕ. ಬೋರ್ಡಿನ ತುದಿಯಲ್ಲಿ, ಟ್ರಾನ್ಸ್‌ಫಾರ್ಮರ್ ಪಕ್ಕ, ತಂಪಾದ ಜಾಗದಲ್ಲಿ ಆರಾಮಾಗಿ ಕೂತಿದ್ದವು.

ಕೆಟ್ಟಿದ್ದು ಕಿರುಬೆರಳ ಉಗುರಿನಷ್ಟು ದಪ್ಪದ್ದು. ವೂಫರಿನ ಎಲ್‌ಎಂ3886ಗೆ ಫೀಡ್‌ಬ್ಯಾಕ್ ಜಾಲದಲ್ಲಿ 1 ಕಿಲೋ ಓಮ್ ರೆಸಿಸ್ಟರ್ ಜೊತೆ ಸರಣಿಯಲ್ಲಿ 22 ಮೈಕ್ರೋಫ್ಯಾರಡ್‌ನ ಒಂದು ಎಲೆಕ್ಟ್ರೋಲಿಟಿಕ್ ಇತ್ತು. ಡಿಸಿಗೆ ಗೇನ್ ಸಿಗದಂತೆ, ಅಂದರೆ ಅದು ಹಿಗ್ಗದಂತೆ ನೋಡಿಕೊಳ್ಳುವುದು ಅದರ ಕೆಲಸ. ಸರಿಯಾಗಿದ್ದಾಗ ಅದು ಬೇಸ್ ಕತ್ತರಿಸುವುದು 7 ಹರ್ಟ್ಸ್‌ನಲ್ಲಿ, ಕಿವಿಗೆ ಸಂಬಂಧವೇ ಇಲ್ಲ. ನಾನು ಕಿತ್ತು ಅಳೆದಾಗ ಉಳಿದಿದ್ದದ್ದು 2.2 ಮೈಕ್ರೋಫ್ಯಾರಡ್. ಲೆಕ್ಕ ಹಾಕಿದರೆ 72 ಹರ್ಟ್ಸ್. 40ರಲ್ಲಿ 6 ಡೆಸಿಬೆಲ್ ಯಾಕೆ ಹೋಗಿತ್ತು ಅನ್ನುವುದು ಅಲ್ಲಿಗೆ ಇತ್ಯರ್ಥ. ಚಿಪ್ ಮುದಿಯಾಗಿರಲಿಲ್ಲ, ಹೇಳಿದ್ದನ್ನು ತಪ್ಪದೆ ಮಾಡುತ್ತಿತ್ತು. ಎಷ್ಟು ಗೇನ್ ಕೊಡಬೇಕು ಅಂತ ಅದಕ್ಕೆ ಹೇಳುವವನೇ ಒಣಗಿಹೋಗಿದ್ದ.

ಯಾಕೆ ಅದೊಂದೇ ಒಣಗಿತು? ಅದರ ನೆರೆಹೊರೆ ನೋಡಿದರೆ ಸಾಕು. ಒಂದು ಪಕ್ಕಕ್ಕೆ ಚಿಪ್ಪಿನ ಅಲ್ಯೂಮಿನಿಯಂ ಪಟ್ಟಿ. ಇನ್ನೊಂದು ಪಕ್ಕಕ್ಕೆ, ಎರಡು ಮಿಲಿಮೀಟರ್ ದೂರದಲ್ಲಿ, 330 ಓಮ್‌ನ 1 ವ್ಯಾಟ್ ರೆಸಿಸ್ಟರ್. ಆಪ್‌ಆಂಪ್‌ಗಳಿಗೆ ಬೇಕಾದ 15 ವೋಲ್ಟನ್ನು ಈ ಡಿಸೈನು 30 ವೋಲ್ಟಿನಿಂದ ಒಂದು ರೆಸಿಸ್ಟರ್, ಒಂದು ಜೀನರ್ ಡಯೋಡ್ ಹಾಕಿ ಇಳಿಸಿಕೊಂಡಿತ್ತು. ಮೂರು ಎನ್‌ಇ5532, ಎರಡು ಟಿಎಲ್072 ಆಪ್‌ಆಂಪ್‌ಗಳು ಸೇರಿ ಸುಮಾರು 30 ಮಿಲಿಆಂಪ್ ಎಳೆಯುತ್ತವೆ, ಉಳಿದ 15 ಜೀನರ್‌ಗೆ. ಒಟ್ಟು 45 ಮಿಲಿಆಂಪ್, 15 ವೋಲ್ಟ್, ಅಂದರೆ 0.68 ವ್ಯಾಟ್. 1 ವ್ಯಾಟಿನ ರೆಸಿಸ್ಟರ್‌ಗೆ 0.68 ಕಾಗದದ ಮೇಲೆ ಸರಿಯೇ. ಆದರೆ ಆ ಕಾವು ಮಾಯವಾಗುವುದಿಲ್ಲ. ರೆಸಿಸ್ಟರ್ ತಡೆದುಕೊಂಡಿತು, ಪಕ್ಕದವನು ಬೆಂದ. ಬೋರ್ಡು ಅಷ್ಟಗಲ ಕಂದಾಗಿತ್ತು, ಕೆಪಾಸಿಟರಿನ ಪ್ಲಾಸ್ಟಿಕ್ ಅಂಗಿ ರೆಸಿಸ್ಟರ್ ಕಡೆಗೆ ಮಾತ್ರ ಮುದುಡಿ ಮೇಲೆ ಸರಿದು ಒಳಗಿನ ಬೆಳ್ಳಿ ಬಣ್ಣ ಕಾಣುತ್ತಿತ್ತು.

ಹೊಸ ಕೆಪಾಸಿಟರ್ ಹಾಕುವ ಮೊದಲು ಅದೇ ಜಾಗದಲ್ಲಿ ಥರ್ಮೋಕಪಲ್ (ಕಾವು ಅಳೆಯುವ ತಂತಿ) ಅಂಟಿಸಿ, ಪೆಟ್ಟಿಗೆ ಮುಚ್ಚಿ, ಒಂದು ಗಂಟೆ ಓಡಿಸಿದೆ. ಅವರಲ್ಲಿ ಇದ್ದ ಹಾಗೆ ಗೋಡೆಯ ಫೋಮಿನಿಂದ ನಾಲ್ಕು ಸೆಂಟಿಮೀಟರ್ ಬಿಟ್ಟು ಇಟ್ಟಾಗ 68 ಡಿಗ್ರಿ. ಬಲಗಡೆಯದು ಕಿಟಕಿ ಪಕ್ಕ ತೆರೆದ ಜಾಗದಲ್ಲಿತ್ತು, ಅದಕ್ಕೆ 54. ಎರಡರಲ್ಲೂ ಇದ್ದದ್ದು 85 ಡಿಗ್ರಿ, 2,000 ಗಂಟೆಯ ಕೆಪಾಸಿಟರ್. ಹತ್ತು ಡಿಗ್ರಿ ತಣ್ಣಗಾದರೆ ಆಯುಸ್ಸು ಎರಡು ಪಟ್ಟು ಎನ್ನುವ ಬಳಕೆಯ ಲೆಕ್ಕ ಹಿಡಿದರೆ ಎಡಗಡೆಯದಕ್ಕೆ ಸುಮಾರು 6,500 ಗಂಟೆ, ಬಲಗಡೆಯದಕ್ಕೆ 17,000. ವರ್ಷಕ್ಕೆ ಗಂಟೆಗಳು 8,760. ರಾತ್ರಿ ಆಫ್ ಮಾಡುವ ಅಭ್ಯಾಸ ಇವರಿಗೆ ಇರಲಿಲ್ಲ. ಅಂದರೆ ಸ್ಪೀಕರ್ ತಂದು ಒಂದು ವರ್ಷ ತುಂಬುವ ಮೊದಲೇ ಎಡಗಡೆಯದರ ಅಧಿಕೃತ ಆಯುಸ್ಸು ಮುಗಿದಿತ್ತು. ಆಯುಸ್ಸು ಮುಗಿಯಿತು ಅಂದರೆ ಸತ್ತಿತು ಅಂತಲ್ಲ, ಮಾತು ಕೊಟ್ಟ ಅಳತೆಯೊಳಗೆ ಇರುವ ಖಾತ್ರಿ ಮುಗಿಯಿತು ಅಂತ. ಅಲ್ಲಿಂದ ಮುಂದೆ ಅದು ಸದ್ದಿಲ್ಲದೆ ಬತ್ತುತ್ತಾ ಬಂತು. ಚೆನ್ನಾಗಿದೆ ಅನ್ನಿಸಿಕೊಂಡಿದ್ದ ಬಲಗಡೆಯದನ್ನೂ ಕಿತ್ತು ನೋಡಿದೆ: 9 ಮೈಕ್ರೋಫ್ಯಾರಡ್. ಕತ್ತರಿ ಬೀಳುವುದು 18 ಹರ್ಟ್ಸ್‌ನಲ್ಲಿ, ಹಾಗಾಗಿ ಕಿವಿಗೆ ಇನ್ನೂ ಬಿದ್ದಿಲ್ಲ. ಅದೇ ದಾರಿ ಹಿಡಿದಿತ್ತು, ಹಿಂದೆ ಇತ್ತು ಅಷ್ಟೆ.

ಡಿಸೈನು ಬೇರೆ, ವಯಸ್ಸು ಬೇರೆ ಅಂತ ಹೊರಟಿದ್ದ ನನ್ನ ಮಾತು ಇಲ್ಲಿ ಸ್ವಲ್ಪ ಬಾಗಬೇಕಾಯಿತು. ಚಿಪ್ಪಿನ ಆಯ್ಕೆ, ಫಿಲ್ಟರಿನ ಲೆಕ್ಕ, ಸಪ್ಲೈ, ಯಾವುದರಲ್ಲೂ ನಾಚುವಂಥದ್ದಿರಲಿಲ್ಲ. ಆದರೆ ಬೋರ್ಡಿನ ಮೇಲೆ ಯಾರ ಪಕ್ಕ ಯಾರನ್ನು ಕೂರಿಸಬೇಕು ಅನ್ನುವುದೂ ಡಿಸೈನೇ. ಹೊಸದಿದ್ದಾಗ ಯಾವ ಅಳತೆಯಲ್ಲೂ ಕಾಣದ ಆ ಒಂದು ನಿರ್ಧಾರ ಹದಿನಾರು ವರ್ಷದ ಮೇಲೆ 6 ಡೆಸಿಬೆಲ್ ಆಗಿ ಹೊರಬಂತು.

ನಾನು ಎಡವಿದ್ದು

ಬೆಂದವನ್ನೆಲ್ಲ ಬದಲಾಯಿಸಿ, ಜೊತೆಗೆ 15 ವೋಲ್ಟ್ ಲೈನಿನ ಒಣಗಿದ 220 ಮೈಕ್ರೋಫ್ಯಾರಡ್‌ಗಳನ್ನೂ ಹೊಸದು ಮಾಡಿ, “ಬನ್ನಿ, ಎರಡೂ ಸರಿಯಾಗಿದೆ” ಅಂತ ಮೆಸೇಜು ಹಾಕಿದೆ. ರಾತ್ರಿ ಆಫ್ ಮಾಡಿ ಮಲಗಿದೆ. ಬೆಳಿಗ್ಗೆ ಆನ್ ಮಾಡಿದರೆ ಹಮ್ ಇದ್ದ ಹಾಗೇ ಇತ್ತು. ಇದ್ದ ಹಾಗೂ ಅಲ್ಲ, ತುಸು ಜೋರಾಗಿತ್ತು! ಆಮೇಲೆ ಹೊಳೆಯಿತು: 100 ಹರ್ಟ್ಸ್‌ನಲ್ಲಿ ಕಳೆದುಹೋಗಿದ್ದ ಸುಮಾರು 2 ಡೆಸಿಬೆಲ್ ಗೇನ್ ವಾಪಸ್ ಕೊಟ್ಟವನು ನಾನೇ. ಹಮ್‌ಗೂ ಅದರ ಪಾಲು ಸಿಕ್ಕಿತ್ತು.

ಸುಳಿವು ಸಿಕ್ಕಿದ್ದು ಸಾದಾ ಮಲ್ಟಿಮೀಟರಿನಿಂದ. ವೂಫರ್ ತಂತಿಗಳ ಮೇಲೆ ಡಿಸಿ ನೋಡಿದೆ. ಕೆಲವು ಮಿಲಿವೋಲ್ಟ್ ಇರಬೇಕಾದಲ್ಲಿ 0.16 ವೋಲ್ಟ್. ನೋಡುತ್ತಾ ಕೂತರೆ, ಪೆಟ್ಟಿಗೆ ಬಿಸಿಯಾದಂತೆ ಅಂಕಿ ಇಳಿಯುತ್ತಾ ಬಂತು, ಜೊತೆಗೆ ಹಮ್ ಕೂಡ. ಎರಡೂ ಒಟ್ಟಿಗೆ ಇಳಿಯುತ್ತವೆ ಅಂದರೆ 30 ವೋಲ್ಟ್ ಲೈನಿನಿಂದ ಎಲ್ಲೋ ಸಣ್ಣಗೆ ಸೋರುತ್ತಿದೆ, ಡಿಸಿಯೂ ಅದರ ಮೇಲಿನ ಅಲೆಯೂ ಒಂದೇ ತೂತಿನಲ್ಲಿ ಬರುತ್ತಿವೆ.

ಆ ತೂತು ಕಣ್ಣೆದುರಿಗೇ ಇತ್ತು. ನಡುಕಕ್ಕೆ ಭಾಗಗಳು ಅಲುಗದಿರಲಿ ಅಂತ ಕಾರ್ಖಾನೆಯಲ್ಲಿ ಹಳದಿ ಅಂಟು ಸುರಿದಿರುತ್ತಾರೆ. ಹೊಸದರಲ್ಲಿ ಅದು ಒಳ್ಳೆಯ ಇನ್ಸುಲೇಟರ್. ಈ ಜಾತಿಯ ಕೆಲವು ಅಂಟುಗಳು ವರ್ಷಗಟ್ಟಲೆ ಕಾವು ತಿಂದರೆ ಕಂದಾಗಿ, ಗಟ್ಟಿಯಾಗಿ, ತೇವ ಹೀರಿ ಕರೆಂಟು ಬಿಡಲು ಶುರುಮಾಡುತ್ತವೆ, ತಾಗಿದ ಲೋಹವನ್ನೂ ತಿನ್ನುತ್ತವೆ. ಇಲ್ಲಿ ಆ ಮುದ್ದೆ 30 ವೋಲ್ಟಿನ ಒಂದು ಜಂಪರ್ ತಂತಿಯಿಂದ ವೂಫರ್ ಆಂಪ್ಲಿಫಯರಿನ ಇನ್‌ಪುಟ್ ರೆಸಿಸ್ಟರ್‌ವರೆಗೆ ಹಬ್ಬಿತ್ತು, ಸುಟ್ಟ ಬೆಲ್ಲದ ಬಣ್ಣ. ಪಿನ್ ಚುಚ್ಚಿ ಅಳೆದರೆ ತಣ್ಣಗಿದ್ದಾಗ ಸುಮಾರು 2 ಮೆಗಾ ಓಮ್. ಅದು ಸೇರುತ್ತಿದ್ದ ಸಂಧಿ 11 ಕಿಲೋ ಓಮ್‌ನದ್ದು. 30 ವೋಲ್ಟ್ ಹಾಗೆ ಭಾಗವಾದರೆ 0.16, ಮೀಟರ್ ತೋರಿಸಿದ್ದೂ ಅಷ್ಟೇ. ಅದೇ ದಾರಿಯಲ್ಲಿ ಬಂದ 0.3 ವೋಲ್ಟಿನ ಅಲೆ 21 ಪಟ್ಟು ಹಿಗ್ಗಿ ವೂಫರ್‌ಗೆ 35 ಮಿಲಿವೋಲ್ಟ್ ಆಗಿ ತಲುಪುತ್ತಿತ್ತು. ಒಂದು ಮೀಟರ್ ದೂರದಲ್ಲಿ ಕೂತವರಿಗೆ ನಿಶ್ಶಬ್ದ ಕೋಣೆಯಲ್ಲಿ ಅಷ್ಟು ಸಾಕು.

ಖಾತ್ರಿಗೆ ಹೇರ್ ಡ್ರೈಯರ್ ಹಿಡಿದೆ. ಅರ್ಧ ನಿಮಿಷಕ್ಕೆ ಗುಂಯ್ ಇಂಗಿತು. ರಾತ್ರಿಯಿಡೀ ಆಫ್ ಇದ್ದಾಗ ಅಂಟು ತೇವ ಹೀರಿಕೊಳ್ಳುತ್ತಿತ್ತು, ಬೆಳಿಗ್ಗೆ ಇಪ್ಪತ್ತು ನಿಮಿಷದ ಕಾವಿಗೆ ಒಣಗುತ್ತಿತ್ತು. ಎಂದೂ ಆಫ್ ಮಾಡದವರಿಗೆ ಬೆಳಗಿನ ಹಮ್ ಹೇಗೆ ಬಂತು ಅಂತ ಕೇಳಿದೆ. ಎರಡು ತಿಂಗಳಿಂದ ಟೈಮರ್ ಸ್ವಿಚ್ ಹಾಕಿಸಿದ್ದರಂತೆ. ಸರಿ. ಬಿದಿರು ಕಡ್ಡಿಯಿಂದ ಕೆರೆದು, ಐಸೊಪ್ರೊಪೈಲ್ ಆಲ್ಕೊಹಾಲ್ ಸವರಿ ಪೂರ್ತಿ ತೆಗೆದೆ. ಅಂಟಿನಡಿ ಒಂದು ರೆಸಿಸ್ಟರಿನ ಕಾಲು ಹಸಿರುಗಟ್ಟಿ ಕೂದಲೆಳೆಯಷ್ಟಾಗಿತ್ತು, ಬೆರಳು ತಾಗಿದ್ದಕ್ಕೆ ಮುರಿಯಿತು.

ಉಳಿದದ್ದು ನಿಜವಾಗಿ ಹಳೇ ಡಿಸೈನು

ಒಯ್ಯಲು ಬಂದವರು ಟ್ವೀಟರ್ ಹತ್ತಿರ ಕಿವಿಯಿಟ್ಟು, “ಸರ್, ಈ ಹಿಸ್ ಹೋಗಲಿಲ್ವಾ? ಆಪ್‌ಆಂಪ್ ಬದಲಾಯಿಸಿದ್ರೆ ಹೋಗುತ್ತೆ ಅಂತಾರಲ್ಲ” ಅಂದರು.

ಹೋಗುವುದಿಲ್ಲ. ಅದು ಎರಡರಲ್ಲೂ ಒಂದೇ ಸಮ ಇತ್ತು, ಮೊದಲ ದಿನದಿಂದ ಇದ್ದದ್ದು. ಟ್ವೀಟರಿನ ಫಿಲ್ಟರ್‌ನಲ್ಲಿ 47 ಕಿಲೋ ಓಮ್ ರೆಸಿಸ್ಟರ್‌ಗಳಿದ್ದವು. ಅಂಥ ಒಂದು ರೆಸಿಸ್ಟರ್ ತಾನೇ ಹುಟ್ಟಿಸುವ ಗದ್ದಲ ರೂಟ್ ಹರ್ಟ್ಸ್‌ಗೆ 28 ನ್ಯಾನೋವೋಲ್ಟ್. ಟಿಎಲ್072 ಸೇರಿಸುವುದು 18. ವರ್ಗ ಮಾಡಿ ಕೂಡಿದರೆ ಒಟ್ಟು 33. ಅದನ್ನು ಕಿತ್ತು ‘ಉತ್ತಮ’ ಎನ್‌ಇ5532 ಹಾಕಿದರೆ? ಅದರ ವೋಲ್ಟೇಜ್ ಗದ್ದಲ ಬರೀ 5, ನಿಜ. ಆದರೆ ಅದರ ಕರೆಂಟ್ ಗದ್ದಲ 0.7 ಪಿಕೋಆಂಪ್. ಅದು 47 ಕಿಲೋ ಓಮ್ ಮೇಲೆ ಹರಿದರೆ 33 ನ್ಯಾನೋವೋಲ್ಟ್ ಹೊಸದಾಗಿ ಹುಟ್ಟುತ್ತದೆ. ಒಟ್ಟು 44ರ ಹತ್ತಿರ. ಕೈ ಸುಟ್ಟುಕೊಂಡು ಎರಡು ಡೆಸಿಬೆಲ್ ಹೆಚ್ಚು ಹಿಸ್ ತಂದ ಹಾಗೆ. ಅಲ್ಲಿ ಟಿಎಲ್072 ಇಟ್ಟವರಿಗೆ ಲೆಕ್ಕ ಬರುತ್ತಿತ್ತು. ರೆಸಿಸ್ಟರ್‌ಗಳ ಓಮ್ ಅಳತೆಯನ್ನೇ ಹತ್ತು ಪಟ್ಟು ಇಳಿಸಿ, ಕೆಪಾಸಿಟರ್‌ಗಳನ್ನು ಅಷ್ಟೇ ಏರಿಸಿ, ಆಮೇಲೆ 5532 ಹಾಕಿದರೆ ಹಿಸ್ ಕಡಿಮೆಯಾಗುತ್ತದೆ. ಅದು ರಿಪೇರಿಯಲ್ಲ, ಹೊಸ ಕ್ರಾಸ್‌ಓವರ್ ಬೋರ್ಡು.

ಹೊಸ ಮಾನಿಟರ್‌ಗೆ ಹೋಗಲು ಒಪ್ಪುವ ಕಾರಣಗಳು ಇಂಥವೇ: ಹಿಸ್, ಅತಿ ಜೋರಾಗದಂತೆ ತಡೆಯುವ ಲಿಮಿಟರ್ ಇಲ್ಲದಿರುವುದು, ಕೋಣೆಗೆ ತಕ್ಕಂತೆ ತಿದ್ದಲು ಬಾರದಿರುವುದು. ಆಂಪ್ಲಿಫಯರಿನ ಗುಣಮಟ್ಟವನ್ನು ಆ ಪಟ್ಟಿಯಲ್ಲಿ ನಾನು ಸೇರಿಸುವುದಿಲ್ಲ. ಎಲ್‌ಎಂ3886ನ ಡಿಸ್ಟಾರ್ಷನ್ ಮಾಮೂಲಿ ಬಳಕೆಯಲ್ಲಿ ಶೇಕಡಾ 0.1ಕ್ಕಿಂತ ಎಷ್ಟೋ ಕಡಿಮೆ, ಅದೇ ವೂಫರ್ ಜೋರಾದ ಬೇಸ್‌ನಲ್ಲಿ ಶೇಕಡಾ 1 ದಾಟುವುದು ಸಾಮಾನ್ಯ. ಕ್ಲಾಸ್-ಡಿ (ಸ್ವಿಚ್ಚಿನ ಹಾಗೆ ಆನ್-ಆಫ್ ಆಗುತ್ತಾ ಕೆಲಸ ಮಾಡುವ ಆಂಪ್ಲಿಫಯರ್) ಗೆಲ್ಲುವುದು ಬೇರೆ ಕಡೆ. ಈ ಎರಡು ಚಿಪ್‌ಗಳು ಹಾಡಿಲ್ಲದೆ ಸುಮ್ಮನೆ ಕೂತಾಗಲೂ ಒಟ್ಟು 6 ವ್ಯಾಟ್‌ನಷ್ಟು ಕಾವು ಬಿಡುತ್ತವೆ, ಹಗಲೂ ರಾತ್ರಿ. ಕ್ಲಾಸ್-ಡಿಯಲ್ಲಿ ಸಾಮಾನ್ಯವಾಗಿ ಅಷ್ಟಿರುವುದಿಲ್ಲ. ಆದರೆ ಅದರ ಸ್ವಿಚಿಂಗ್ ಸಪ್ಲೈಯ ಸಣ್ಣ ಕೆಪಾಸಿಟರ್‌ಗಳಿಗೂ ಇದೇ ಆಯುಸ್ಸಿನ ಲೆಕ್ಕ, ಮತ್ತು ಅಲ್ಲಿ ಐರನ್ ತೂರಿಸಲು ಜಾಗವೇ ಇರುವುದಿಲ್ಲ.

ಕೊನೆಗೆ ಮಾಡಿದ್ದಿಷ್ಟು. ಫೀಡ್‌ಬ್ಯಾಕ್‌ಗೆ 105 ಡಿಗ್ರಿಯ 47 ಮೈಕ್ರೋಫ್ಯಾರಡ್. 330 ಓಮ್ ರೆಸಿಸ್ಟರ್ 3 ವ್ಯಾಟಿನದ್ದು ಹಾಕಿ, ಬೋರ್ಡಿನಿಂದ ಒಂದು ಸೆಂಟಿಮೀಟರ್ ಎತ್ತಿ, ಕೆಪಾಸಿಟರ್‌ನಿಂದ ದೂರ ಬಾಗಿಸಿದೆ. ದೊಡ್ಡ ಕೆಪಾಸಿಟರ್‌ಗಳನ್ನು ಮುಟ್ಟಲಿಲ್ಲ. ಬಲಗಡೆಯದಕ್ಕೂ ಅದೇ ಶುಶ್ರೂಷೆ, ಅಂಟು ತೆಗೆಯುವುದೂ ಸೇರಿ. ಗೋಡೆಯಿಂದ 25 ಸೆಂಟಿಮೀಟರ್ ಬಿಡಿಸಿ ಇಡಲು ಹೇಳಿದೆ. ಅದೇ ಜಾಗದ ಥರ್ಮೋಕಪಲ್ ಈಗ 51 ತೋರಿಸುತ್ತದೆ. ಆ ಕೆಪಾಸಿಟರ್ 5,000 ಗಂಟೆಯದ್ದು, ಕಾಗದದ ಲೆಕ್ಕ 2 ಲಕ್ಷ ಗಂಟೆ ದಾಟುತ್ತದೆ. ನಾನು ಅದನ್ನು ನಂಬುವುದಿಲ್ಲ, ಅದರ ರಬ್ಬರ್ ಬುಡ ಅಷ್ಟು ಕಾಲ ತಡೆಯಲಾರದು. ಹತ್ತು ವರ್ಷ ಬಂದರೆ ಸಾಕು ಅಂದಿದ್ದೇನೆ. 200 ಹರ್ಟ್ಸ್‌ನಿಂದ ಕೆಳಗೆ ಎರಡೂ ಈಗ ಅರ್ಧ ಡೆಸಿಬೆಲ್ ಒಳಗೆ ಹೊಂದುತ್ತವೆ.

ಎರಡು ವಾರದ ಮೇಲೆ ಮತ್ತೆ ಫೋನು ಬಂತು. ದೂರಲ್ಲ, ಆದರೂ ದನಿ ಸಪ್ಪಗಿತ್ತು. ಹಳೆಯ ಮಿಕ್ಸ್‌ಗಳನ್ನು ಒಂದೊಂದಾಗಿ ತೆರೆದು ಕೇಳುತ್ತಿದ್ದಾರಂತೆ. ಈಚಿನ ಎಲ್ಲದರಲ್ಲೂ ಬೇಸ್ ಎರಡು ಮೂರು ಡೆಸಿಬೆಲ್ ಹೆಚ್ಚು, ಹಿಂದಕ್ಕೆ ಹೋದಂತೆ ಸ್ವಲ್ಪ ಸ್ವಲ್ಪವೇ ಕಡಿಮೆ. ಎಲ್ಲಿಂದ ಶುರುವಾಯಿತು ಅಂತ ವರ್ಷ ವರ್ಷ ಹಿಂದೆ ಹೋಗುತ್ತಿದ್ದಾರೆ, ಇನ್ನೂ ಸಿಕ್ಕಿಲ್ಲ.